ಲಾಯದ ಆಳು ಗೆದ್ದ ರೀಲು

ಕಳೆದುಹೋಗಿದ್ದ ಒಂದು ಮೂಕಿ ಚಿತ್ರವನ್ನು ನಮ್ಮ ಲ್ಯಾಬು ಉಳಿಸಿತು ಎಂಬ ಕಥೆ ವಾಷಿಂಗ್ಟನ್ ಸುತ್ತಲಿನ ಕನ್ನಡಿಗರಿಗೆಲ್ಲ ಬಾಯಿಪಾಠ. ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣದಲ್ಲಿ ನಡೆದ ಯುಗಾದಿ ಸಮಾರಂಭದಲ್ಲಿ ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ‘ಅಮೆರಿಕದವರು ಕಳೆದುಕೊಂಡಿದ್ದನ್ನು ಅವರಿಗೇ ಉಳಿಸಿಕೊಟ್ಟ ಕನ್ನಡಿಗ’ ಎಂದು ನಿರೂಪಕಿ ಹೇಳಿದಾಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಈ ಕಥೆಗೆ ನನ್ನದೊಂದು ತಕರಾರಿದೆ. ಮೈಸೂರಿನ ಕಾಲೇಜಿನಲ್ಲಿ ಓದುವಷ್ಟು ಕಾಲವೂ ಚರ್ಚಾಸ್ಪರ್ಧೆಗಳಿಗೆ ಹೋದವಳು ನಾನು. ಎದುರು ಪಕ್ಷದ ಮಾತಿನಲ್ಲಿ ನಿಜ ಇರುವಷ್ಟನ್ನು ಮೊದಲು ಒಪ್ಪಿಕೋ, ಆಮೇಲೆ ಉಳಿದದ್ದನ್ನು ಹಿಡಿ ಎಂದು ಅಲ್ಲಿ ಕಲಿಸಿದ್ದರು. ಒಪ್ಪಿಕೊಳ್ಳುತ್ತೇನೆ. ಆ ಚಿತ್ರದ ಪೂರ್ಣ ಪ್ರತಿ ಬೇರೆಲ್ಲೂ ಇರಲಿಲ್ಲ. ನಾವು ಮುಟ್ಟದೇ ಇದ್ದಿದ್ದರೆ ಅದು ಡಬ್ಬಿಯಲ್ಲೇ ಪುಡಿಯಾಗುತ್ತಿತ್ತು. ಈಗ ಅದರ ನೆಗೆಟಿವ್ ಒಂದು ತಣ್ಣನೆಯ ಕೋಣೆಯಲ್ಲಿ ಭದ್ರವಾಗಿದೆ. ಇಷ್ಟೂ ನಿಜ. ಆದರೆ ನಮ್ಮ ಬಾಗಿಲೊಳಗೆ ಬಂದದ್ದೊಂದು ಚಿತ್ರ, ಹೊರಗೆ ಹೋದದ್ದು ಇನ್ನೊಂದು. ಉಳಿದದ್ದು ಯಾವುದು ಎಂದು ಆ ವೇದಿಕೆಯ ಮೇಲೆ ಯಾರೂ ಕೇಳಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಲ್ಯಾಬು ಇದ್ದದ್ದು ವರ್ಜೀನಿಯಾದ ಒಂದು ಗೋದಾಮು ಸಾಲಿನಲ್ಲಿ. ಹಳೆಯ ಫಿಲ್ಮನ್ನು ಹೊಸ ಫಿಲ್ಮಿಗೆ ಇಳಿಸಿಕೊಡುವುದು ಕೆಲಸ. ಮುಖ್ಯಸ್ಥರು ಬೆಂಗಳೂರಿನವರು, ಮದ್ರಾಸಿನ ಲ್ಯಾಬುಗಳಲ್ಲಿ ಕೆಲಸ ಕಲಿತು ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರು. ರೆಸ್ಟನ್‌ನ ಅವರ ಮನೆಯಲ್ಲಿ, ಆಂಟಿ ಬಡಿಸಿದ ಹುಳಿಯನ್ನ ತಿನ್ನುತ್ತ, ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ನನಗೆ ಕೆಲಸ ಕೊಟ್ಟು ವೀಸಾಕ್ಕೆ ಅರ್ಜಿ ಹಾಕಿದವರೂ ಅವರೇ. ಲ್ಯಾಬಿನಲ್ಲಿ ಮಾತ್ರ, “ಇಲ್ಲಿ ಅಂಕಲ್ ಅನ್ಬೇಡ ಕಣಮ್ಮ, ಎಲ್ಲರ ಥರ ಹೆಸರು ಹಿಡಿದು ಕರಿ” ಎಂದಿದ್ದರು. ಅದು ನನ್ನಿಂದ ಆಗಲಿಲ್ಲ. ಅಲ್ಲಿ ಅವರನ್ನು ಏನೂ ಕರೆಯದೆ ಕೆಲಸ ಸಾಗಿಸುತ್ತಿದ್ದೆ.

ಡಬ್ಬಿಗಳು ದಕ್ಷಿಣ ಕ್ಯಾರೊಲೈನಾದ ಒಂದು ಸಣ್ಣ ಊರಿನವು. ಅಲ್ಲಿನ ಕಪ್ಪು ಜನರ ಬಡಾವಣೆಯಲ್ಲಿ ಒಬ್ಬ ಕಪ್ಪು ಮನುಷ್ಯ ನಡೆಸುತ್ತಿದ್ದ ಪುಟ್ಟ ಥಿಯೇಟರಿನಲ್ಲಿ ಓಡಿದ್ದ ಪ್ರತಿ ಅದು. ಮಾಲೀಕ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವನ ಮಗಳು, ಆಗ ಎಂಬತ್ತರ ಅಂಚಿನಲ್ಲಿದ್ದ ನಿವೃತ್ತ ಶಿಕ್ಷಕಿ, ಡಬ್ಬಿಗಳನ್ನು ವಾಷಿಂಗ್ಟನ್ನಿನ ಒಂದು ಚಿತ್ರಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಅವರು ಕೇಳಿದ್ದು ಒಂದೇ: ಸಿದ್ಧವಾದಾಗ ‘ನಮ್ಮಪ್ಪನ ಸಿನಿಮಾ’ ಇನ್ನೊಂದು ಸಲ ನೋಡಬೇಕು. ಸಂಗ್ರಹಾಲಯದವರು ಅದನ್ನು ಮುದುಕಿಯೊಬ್ಬಳ ಮುದ್ದು ಮಾತು ಎಂದುಕೊಂಡು, ಕೆಲಸವನ್ನು ನಮಗೆ ವಹಿಸಿದರು.

ಚಿತ್ರ ಕುದುರೆ ರೇಸಿನದು, ಆ ಕಾಲದ ಅಂಥ ಚಿತ್ರಗಳೆಲ್ಲ ಹೇಗಿರುತ್ತಿದ್ದವೋ ಹಾಗೇ ಇತ್ತು. ದಕ್ಷಿಣದ ಒಂದು ದೊಡ್ಡ ಮನೆತನ, ಅವರ ಮಾನವೆಲ್ಲ ಒಂದು ಕುದುರೆಯ ಮೇಲೆ. ರೇಸಿನ ದಿನ ಖಳನಾಯಕ ಜಾಕಿಗೆ ಮದ್ದು ಹಾಕುತ್ತಾನೆ. ಆಗ ಮನೆಯ ಮಗಳೇ ಜಾಕಿಯ ವೇಷ ತೊಟ್ಟು, ಕುದುರೆ ಓಡಿಸಿ ಗೆದ್ದು, ಟೋಪಿ ತೆಗೆದು ಕೂದಲು ಬಿಚ್ಚುತ್ತಾಳೆ. ಆ ಕುದುರೆಯನ್ನು ಮರಿಯಿಂದ ಸಾಕಿದವನು ಲಾಯದ ಆಳು, ಕಪ್ಪು ನಟ. ಅವನಿಗೆ ಕೊಟ್ಟಿದ್ದು ನಗೆಪಾಟಲಿನ ಕೆಲವು ದೃಶ್ಯ, ಜೊತೆಗೆ ಮೊದಲ ರೀಲಿನಲ್ಲಿ ಬೆಳಗಿನ ಜಾವ ಕುದುರೆಗೆ ವ್ಯಾಯಾಮ ಮಾಡಿಸುವ ಒಂದು ಓಟ. ಇದಿಷ್ಟೂ ಸಂಗ್ರಹಾಲಯದವರು ಡಬ್ಬಿಗಳ ಜೊತೆ ಕಳಿಸಿದ್ದ ಸ್ಟುಡಿಯೋದ ದೃಶ್ಯಪಟ್ಟಿಯಲ್ಲಿ ಸ್ಪಷ್ಟವಾಗಿತ್ತು.

ಹಳೆಯ ಫಿಲ್ಮನ್ನು ಪರೀಕ್ಷಿಸುವುದು ಎಂದರೆ ನೋಡುವುದು ಅಂದುಕೊಳ್ಳಬೇಡಿ. ಆ ಕಾಲದ ಫಿಲ್ಮೆಲ್ಲ ನೈಟ್ರೇಟಿನದು, ಕಾಲ ಕಳೆದಂತೆ ಕುಗ್ಗುತ್ತದೆ, ಯಂತ್ರದ ಹಲ್ಲಿಗೆ ಅದರ ರಂಧ್ರಗಳು ಸರಿಯಾಗಿ ಕೂರುವುದಿಲ್ಲ. ಓಡಿಸಿದರೆ ಹರಿಯುತ್ತದೆ. ಬೆಂಕಿಗಂತೂ ನೆಪ ಸಾಕು. ಆದ್ದರಿಂದ ಮೇಜಿನ ಎರಡು ಕೊನೆಗೆ ಎರಡು ತಿರುಗಣೆ ಇಟ್ಟು, ಕೈಯಿಂದ ನಿಧಾನವಾಗಿ ಸುತ್ತುತ್ತ, ನಡುವಿನ ಬೆಳಕಿನ ಪೆಟ್ಟಿಗೆಯ ಮೇಲೆ ಭೂತಗನ್ನಡಿ ಹಿಡಿದು, ಹರಿದ ರಂಧ್ರ ಎಲ್ಲಿ, ಹಳೆಯ ಜೋಡಣೆ ಎಲ್ಲಿ ಎಂದು ಗುರುತು ಹಾಕಿಕೊಂಡು ಹೋಗಬೇಕು. ಚಿತ್ರ ಚಲಿಸುವುದೇ ಇಲ್ಲ. ಚೌಕದ ಪಕ್ಕ ಚೌಕ, ಅಷ್ಟೇ. ಕೊಳೆಯುತ್ತಿರುವ ನೈಟ್ರೇಟಿಗೆ ಒದ್ದೆ ಕಾಲುಚೀಲದ ವಾಸನೆ. ಅದು ಕೂದಲಿಗೂ ಹಿಡಿಯುತ್ತಿತ್ತು.

ಮೊದಲ ರೀಲಿನಲ್ಲೇ ಏನೋ ಎಡವಟ್ಟಿತ್ತು. ಬೆಳಗಿನ ವ್ಯಾಯಾಮದ ಜಾಗದಲ್ಲಿ ಆಳು ಇರಲಿಲ್ಲ. ಅಲ್ಲಿ ಮನೆಯ ಮಗಳು ಜಾಕಿಯ ವೇಷದಲ್ಲಿ ಕುದುರೆಯ ಮೇಲೆ ಬಾಗಿದ್ದಳು. ಕೊನೆಯ ರೀಲಿಗೆ ಬಂದಾಗ ರೇಸಿನ ಮಧ್ಯದಲ್ಲಿ, ಅವಳ ಮುಖ ಇರಬೇಕಾದ ಕಡೆಯಲ್ಲೆಲ್ಲ, ಆಳು ಓಡಿಸುತ್ತಿದ್ದ. ಆಗೆಲ್ಲ ಕಪ್ಪುಬಿಳುಪು ಫಿಲ್ಮನ್ನು ದೃಶ್ಯಕ್ಕೆ ತಕ್ಕ ಒಂದೊಂದು ಬಣ್ಣದಲ್ಲಿ ಅದ್ದುತ್ತಿದ್ದರು. ರೇಸಿನ ದೃಶ್ಯಗಳಿಗೆ ಹಚ್ಚಿದ್ದು ಹಳದಿ ಬಣ್ಣ, ಅವನ ತುಂಡುಗಳು ಬೆಳಗಿನ ಗುಲಾಬಿ ಬಣ್ಣದವು. ಹಳದಿ, ಗುಲಾಬಿ, ಹಳದಿ, ಗುಲಾಬಿ. ಅವಳು ಕೂದಲು ಬಿಚ್ಚುವ ಕೊನೆಯ ದೃಶ್ಯವೂ ಮೊದಲ ರೀಲಿಗೆ ಹೋಗಿತ್ತು. ಇಲ್ಲಿ ದೂರದಿಂದ ತೆಗೆದ ಗೆಲುವಿನ ಗೆರೆ, ಆಮೇಲೆ ಆಳು ಕುದುರೆಯ ಕುತ್ತಿಗೆ ತಟ್ಟುವುದು, ಮುಗಿಯಿತು.

ಮುಖ್ಯಸ್ಥರನ್ನು ಕರೆದು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಒಂದು ಜೋಡಣೆ ನೋಡಿ ನಕ್ಕರು.

“ನೋಡು ಇಲ್ಲಿ, ಕೆರೆದೇ ಇಲ್ಲ. ಎಮಲ್ಷನ್ ಕೆರೀದೆ ಅಂಟಿಸಿದ್ದಾನೆ. ಇವನಿಗೆ ಜಾಯಿಂಟ್ ಹಾಕಕ್ಕೇ ಬರಲ್ಲ. ಎಲ್ಲೋ ಕಟ್ ಆಗಿದೆ, ಕೈಗೆ ಸಿಕ್ಕಿದ್ದು ತಗೊಂಡು ಸೇರಿಸಿದ್ದಾನೆ.”

“ಕಟ್ ಆದ ಕಡೆ ಚೌಕಗಳು ಹೋಗಿರ್ಬೇಕಲ್ವಾ? ಒಂದೂ ಹೋಗಿಲ್ಲ. ಎರಡು ಚೌಕದ ಮಧ್ಯದ ಗೆರೆ ಮೇಲೇ ಕತ್ತರಿಸಿದ್ದಾನೆ.”

“ಅದೃಷ್ಟ.”

“ಎಲ್ಲಾ ಕಡೆನೂ ಅದೃಷ್ಟಾನಾ? ಕುದುರೆ ಯಾವ ಕಡೆ ಓಡ್ತಿದೆ ನೋಡಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಸಿನಲ್ಲಿ ಕುದುರೆಗಳು ಎಡದಿಂದ ಬಲಕ್ಕೆ ಓಡುತ್ತವೆ. ಬೆಳಗಿನ ವ್ಯಾಯಾಮವನ್ನು ಬಲದಿಂದ ಎಡಕ್ಕೆ ಓಡಿಸಿ ತೆಗೆದಿದ್ದರು. ಹಾಗೇ ತಂದು ರೇಸಿಗೆ ಸೇರಿಸಿದರೆ ಆಳು ಎದುರು ದಿಕ್ಕಿಗೆ ಓಡಿ ಎಲ್ಲರಿಗೂ ಢಿಕ್ಕಿ ಹೊಡೆಯುತ್ತಾನೆ. ಥಿಯೇಟರಿನ ಮಾಲೀಕ ಆ ತುಂಡುಗಳನ್ನು ಒಂದೂ ಬಿಡದೆ ಮಗುಚಿ ಹಾಕಿದ್ದ. ಹಿಂಬದಿ ಮುಂದಾಗಿ, ಕುದುರೆ ಎಡದಿಂದ ಬಲಕ್ಕೆ ಓಡುತ್ತಿತ್ತು. ಫಿಲ್ಮಿನ ಒಂದು ಮುಖದಲ್ಲಿ ಚಿತ್ರವಿರುವ ಎಮಲ್ಷನ್, ಇನ್ನೊಂದು ಮುಖ ಬರೀ ಬೇಸ್. ಬೇಸಿಗೆ ಬೇಸ್ ತಾಗಿದರೆ ಮಾತ್ರ ಅಂಟು ಹಿಡಿಯುವುದು, ಆದ್ದರಿಂದಲೇ ಸಾಮಾನ್ಯ ಜೋಡಣೆಯಲ್ಲಿ ಒಂದು ತುದಿಯ ಎಮಲ್ಷನ್ ಕೆರೆಯುತ್ತಾರೆ. ತುಂಡನ್ನು ಮಗುಚಿ ಕೆಳಗಿಟ್ಟರೆ ಅದರ ಬೇಸು ತಾನಾಗಿಯೇ ಮೇಲಿನದರ ಬೇಸಿಗೆ ಸಿಗುತ್ತದೆ. ಕೆರೆಯುವ ಅಗತ್ಯವೇ ಇಲ್ಲ.

ಮುಖ್ಯಸ್ಥರು ಬಹಳ ಹೊತ್ತು ಬಗ್ಗಿ ನೋಡಿದರು. ದಡ್ಡರಲ್ಲ ಅವರು. ತಲೆ ಎತ್ತಿದಾಗ ನಗು ಹೋಗಿತ್ತು.

“ಬೇಕಂತಲೇ ಮಾಡಿದ್ದಾನೆ,” ಎಂದರು.

“ಹಾಗಾದ್ರೆ ಇದು ಡ್ಯಾಮೇಜ್ ಅಲ್ಲ.”

“ಬೇಕಂತ ಮಾಡಿದ ಡ್ಯಾಮೇಜು. ನೀನು ಹುಟ್ಟೋಕ್ಮುಂಚೆ ನಾನು ಲ್ಯಾಬಲ್ಲಿದ್ದೆ ಕಣಮ್ಮ. ಹಳ್ಳಿ ಟೆಂಟಿಗೆ ಹೋಗಿ ವಾಪಸ್ ಬಂದ ಪ್ರಿಂಟು ನೋಡ್ಬೇಕಿತ್ತು. ಆಪರೇಟರ್‌ಗೆ ಯಾವ್ದೋ ಡ್ಯಾನ್ಸ್ ಇಷ್ಟ ಆಯ್ತೂಂದ್ರೆ ಕತ್ತರಿಸಿ ಇಟ್ಕೊಳ್ಳೋನು. ಭಕ್ತಿ ಪಿಕ್ಚರ್ ಮಧ್ಯೆ ಕ್ಯಾಬರೆ ಅಂಟ್ಸಿ ಕಳ್ಸೋನು. ಅದನ್ನೆಲ್ಲ ಸರಿ ಮಾಡಿ ಮಾಡಿ ನನ್ನ ಅರ್ಧ ವಯಸ್ಸು ಹೋಯ್ತು. ಈಗ ಅಂಥವನೊಬ್ಬ ಇಲ್ಲೂ ಸಿಕ್ಕಿದ.”

“ಟೆಂಟಿನ ಆಪರೇಟರು ತನಗೆ ಬೇಕು ಅಂತ ಕದ್ದ. ಇವನು ಒಂದು ಚೌಕಾನೂ ಕದ್ದಿಲ್ಲ, ಅದಲು ಬದಲು ಮಾಡಿದ್ದಾನೆ ಅಷ್ಟೆ. ಎರಡೂ ಒಂದೇ ಹೇಗಾಗುತ್ತೆ?”

“ದ ಡಿಬೇಟ್ ಬಿಗಿನ್ಸ್,” ಎಂದರು ಅವರು, ಪಕ್ಕದ ಮೇಜಿನವರಿಗೂ ಕೇಳುವಂತೆ, ಇಂಗ್ಲಿಷಿನಲ್ಲಿ.

ಸಂಗ್ರಹಾಲಯಕ್ಕೆ ಬೇಕಿದ್ದದ್ದು ಬಿಡುಗಡೆಯಾದಾಗ ಹೇಗಿತ್ತೋ ಹಾಗಿನ ಚಿತ್ರ. ನಾನು ಅದಕ್ಕೆ ಅಡ್ಡ ಬರಲಿಲ್ಲ. ನಾನು ಕೇಳಿದ್ದು ಇಷ್ಟು: ಮೊದಲು ಬಂದ ಕ್ರಮದಲ್ಲೇ ಒಂದು ನೆಗೆಟಿವ್ ತೆಗೆಯೋಣ, ಆಮೇಲೆ ಅದರ ನಕಲನ್ನು ಸ್ಟುಡಿಯೋ ಕ್ರಮಕ್ಕೆ ಜೋಡಿಸಿಕೊಳ್ಳಲಿ, ಮೂಲದ ಜೋಡಣೆಗಳನ್ನು ಮಾತ್ರ ಬಿಚ್ಚುವುದು ಬೇಡ. ಮುಖ್ಯಸ್ಥರ ಆಕ್ಷೇಪಣೆಯಲ್ಲೂ ತಿರುಳಿತ್ತು. ಪ್ರಿಂಟು ಮಾಡುವಾಗ ಹಳೆಯ ಫಿಲ್ಮಿನ ಎಮಲ್ಷನ್ನು ಹೊಸದರ ಎಮಲ್ಷನ್ನಿಗೆ ಅಂಟಿಕೊಂಡು ಹೋಗಬೇಕು. ಮಗುಚಿದ ತುಂಡುಗಳಲ್ಲಿ ನಡುವೆ ಬೇಸಿನ ದಪ್ಪ ಅಡ್ಡ ಬಂದು ಆಳಿನ ಮುಖ ಮಸುಕಾಗುತ್ತದೆ.

“ಮಸುಕಾಗಿ ಬರ್ಲಿ, ಪರವಾಗಿಲ್ಲ,” ಎಂದೆ.

“ನನ್ನ ಲ್ಯಾಬಿಂದ ಮಸುಕಾದ ನೆಗೆಟಿವ್ ಹೋಗಲ್ಲ.”

ಕೊನೆಗೆ ಒಂದು ರಾಜಿಗೆ ಬಂದೆವು. ಉಳಿದ ರೀಲುಗಳು ಮುಗಿಯುವವರೆಗೆ ಮೊದಲನೆಯದನ್ನೂ ಕೊನೆಯದನ್ನೂ ಮುಟ್ಟುವುದಿಲ್ಲ. ಅಷ್ಟರೊಳಗೆ ನಾನು ಕ್ಯಾರೊಲೈನಾಕ್ಕೆ ಹೋಗಿ, ಆ ಥಿಯೇಟರಿನಲ್ಲಿ ಚಿತ್ರ ನಿಜಕ್ಕೂ ಹೀಗೇ ಓಡಿತ್ತೇ ಎಂದು ಮಾಲೀಕನ ಮಗಳನ್ನು ಕೇಳಿ ಬರಬೇಕು. “ಪ್ರೂವ್ ಮಾಡೋ ಜವಾಬ್ದಾರಿ ನಿಂದು,” ಎಂದರು. ನಾನು ಒಪ್ಪಿ ಕೈ ಕುಲುಕಿದೆ. ಚರ್ಚೆಯಲ್ಲಿ ಎದುರಾಳಿ ನಿಯಮವನ್ನು ಒಪ್ಪಿಕೊಂಡ ಎಂದರೆ ಅರ್ಧ ಗೆದ್ದಂತೆ ಎಂದು ನಂಬಿದ್ದವಳು ನಾನು.

ವಾರಾಂತ್ಯಕ್ಕೆ ಇನ್ನೊಂದು ದಿನ ಸೇರಿಸಿಕೊಂಡು ತೊಂಬತ್ತೈದನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ಆ ಹೆಂಗಸು ಮುಂಬಾಗಿಲ ಜಗಲಿಯಲ್ಲಿ ಕಾದು ಕೂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ವಾಷಿಂಗ್ಟನ್ನಿನವರು ಯಾರನ್ನಾದರೂ ಕಳಿಸುತ್ತಾರೆ ಎಂದುಕೊಂಡಿದ್ದೆ, ಇಂಡಿಯಾದವರನ್ನು ಕಳಿಸುತ್ತಾರೆ ಎಂದುಕೊಂಡಿರಲಿಲ್ಲ ಎಂದರು. ನಾನು ಪ್ರಶ್ನೆಯನ್ನು ಬಹಳ ಎಚ್ಚರದಿಂದ ಕೇಳಿದೆ. ಉತ್ತರವನ್ನು ನಾನೇ ಅವರ ಬಾಯಿಗೆ ಹಾಕಬಾರದಲ್ಲ.

“ರೇಸಿನಲ್ಲಿ ಯಾರು ಗೆದ್ದರು, ನೆನಪಿದೆಯಾ?”

“ಇದೇನು ಪ್ರಶ್ನೆ? ಲಾಯದವನು ಗೆದ್ದ. ಪ್ರತಿ ಸಲ ಅವನೇ ಗೆಲ್ಲುತ್ತಿದ್ದ.”

“ಮನೆಯ ಮಗಳು?”

“ಅವಳಿಗೆ ಕುದುರೆ ಸವಾರಿಯ ಹುಚ್ಚು. ಬೆಳಗ್ಗೆ ಎದ್ದು ಅಭ್ಯಾಸ ಮಾಡುತ್ತಿದ್ದಳು, ಪಾಪ. ರೇಸು ಅವಳ ಕೈಲಾಗುವ ಕೆಲಸವೇ?”

ಊರಿನ ಆಚೆ ಬದಿಯಲ್ಲಿ, ಬಿಳಿಯರ ಥಿಯೇಟರಿನಲ್ಲಿ ಬೇರೆ ಕಥೆ ಓಡಿತ್ತು ಎಂದು ಅವರಿಗೆ ಮದುವೆಯಾಗುವ ತನಕ ಗೊತ್ತಿರಲಿಲ್ಲವಂತೆ. ಗಂಡ ಅಟ್ಲಾಂಟಾದವನು, ಅದೇ ಚಿತ್ರವನ್ನು ಅಲ್ಲಿ ನೋಡಿದ್ದವನು. ಹುಡುಗಿ ಗೆದ್ದಳು ಎಂದು ಅವನು, ಆಳು ಗೆದ್ದ ಎಂದು ಇವರು. “ಅದೇ ನಮ್ಮ ಮೊದಲ ಜಗಳ. ಅಪ್ಪನನ್ನೇ ಕೇಳಿಬಿಡೋಣ ಅಂತ ಕರೆದುಕೊಂಡು ಬಂದೆ. ಅಪ್ಪ ಕೆಮ್ಮುತ್ತಾ ಹಿತ್ತಿಲಿಗೆ ಹೋದ. ಆಗ ಗೊತ್ತಾಯಿತು.”

ಪ್ರಿಂಟುಗಳು ಬಿಳಿಯರ ಥಿಯೇಟರುಗಳನ್ನೆಲ್ಲ ಸುತ್ತಿ, ಸವೆದು, ಕೊನೆಗೆ ಅವರಪ್ಪನ ಕೈಗೆ ಬರುತ್ತಿದ್ದವು. ಇದನ್ನು ಯಾರೂ ವಾಪಸ್ ಕೇಳಲೇ ಇಲ್ಲ. ಕೇಳಿದರೆ ಮೊದಲಿನಂತೆ ಜೋಡಿಸಿ ಕೊಡಬೇಕು ಎಂದು ಅವನು ಒಂದು ತುಂಡನ್ನೂ ಎಸೆದಿರಲಿಲ್ಲ. ಮಸುಕಿನ ಬಗ್ಗೆಯೂ ಕೇಳಿದೆ. ಆಳು ಬಂದಾಗ ಪರದೆ ಸ್ವಲ್ಪ ಮಂಜಾಗುತ್ತಿತ್ತು, ಧೂಳೆದ್ದಿದೆ ಎಂದುಕೊಳ್ಳುತ್ತಿದ್ದೆವು ಎಂದರು. ಮುಖ್ಯಸ್ಥರು ಎತ್ತಿದ್ದ ಇನ್ನೊಂದು ಪ್ರಶ್ನೆ ನನ್ನಲ್ಲಿ ಉಳಿದಿತ್ತು: ದೂರದ ದೃಶ್ಯಗಳಲ್ಲಿ ಜಾಕಿಯ ಪಟ್ಟೆ ಅಂಗಿ, ಹತ್ತಿರದಲ್ಲಿ ಆಳಿನ ಕೆಲಸದ ಅಂಗಿ. ಜನ ಅದನ್ನು ಗಮನಿಸಲಿಲ್ಲವೇ?

“ಮಗೂ,” ಎಂದರು ಅವರು, “ಅವನು ಗೆಲ್ಲುತ್ತಿದ್ದ. ಅಂಗಿಯನ್ನು ಯಾರು ನೋಡುತ್ತಾರೆ?”

ಅವರ ಅನುಮತಿ ಕೇಳಿ ಅಷ್ಟನ್ನೂ ಟೇಪಿನಲ್ಲಿ ಹಿಡಿದುಕೊಂಡೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ಸಮಾರೋಪ ಭಾಷಣವನ್ನು ಒಳಗೇ ಕಟ್ಟುತ್ತಿದ್ದೆ. ತುಂಬಾ ಚೆನ್ನಾಗಿ ಬಂದಿತ್ತು.

ಲ್ಯಾಬಿಗೆ ಹೋದಾಗ ಆ ಎರಡು ರೀಲುಗಳೂ ನನ್ನ ಮೇಜಿನ ಮೇಲಿರಲಿಲ್ಲ. ಪ್ರಿಂಟಿಂಗ್ ಕೋಣೆಯಿಂದ ಹೊರಗೆ ಬಂದಾಗಿತ್ತು. ಜೋಡಣೆಗಳನ್ನೆಲ್ಲ ಬಿಚ್ಚಿ, ತುಂಡುಗಳನ್ನು ಮತ್ತೆ ಮಗುಚಿ, ಸ್ಟುಡಿಯೋ ಪಟ್ಟಿಯ ಪ್ರಕಾರ ಜೋಡಿಸಿ ನೆಗೆಟಿವ್ ತೆಗೆದಾಗಿತ್ತು. ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

“ನೀನು ಹೋದ ಮಾರನೇ ದಿನವೇ ಕೊನೇ ರೀಲಿನ ಅಂಚು ಜಿಗುಟಾಗಕ್ಕೆ ಶುರು ಆಯ್ತು,” ಎಂದರು ಮುಖ್ಯಸ್ಥರು. “ಒಳಸುತ್ತು ಆಗಲೇ ಪುಡಿ. ನಿನ್ನ ದಾರಿ ಕಾಯ್ತಾ ಕೂತಿದ್ರೆ ಹುಡುಗೀನೂ ಇಲ್ಲ, ಆಳೂ ಇಲ್ಲ. ಕುದುರೇನೂ ಇರ್ತಿರ್ಲಿಲ್ಲ.”

“ಅರ್ಜೆಂಟಿದ್ರೆ ಇದ್ದ ಹಾಗೇ ಪ್ರಿಂಟ್ ಮಾಡ್ಬಹುದಿತ್ತಲ್ಲ? ಬಿಚ್ಚಿ ಜೋಡಿಸೋಕೆ ಇನ್ನೂ ಹೆಚ್ಚು ಟೈಮ್ ಹಿಡಿಯುತ್ತೆ.”

“ಮಸುಕಾಗಿರೋದು.”

“ಆಕೆ ಹೇಳಿದ್ದು ಟೇಪಲ್ಲಿದೆ. ಕೇಳಿಸ್ಲಾ?”

“ಇಟ್ಟಿರು. ಆಮೇಲೆ ಕೇಳ್ತೀನಿ.”

ಇವತ್ತಿನವರೆಗೂ ಕೇಳಿಲ್ಲ. ಕೊಳೆಯಲು ಶುರುವಾದ ನೈಟ್ರೇಟನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಿಯಮದಂತೆ ಆ ರೀಲು ನೀರು ತುಂಬಿದ ಪೀಪಾಯಿಯಲ್ಲಿ ಸುಡುವ ಜಾಗಕ್ಕೆ ಹೋಯಿತು.

ತುಂಡುಗಳೆಲ್ಲ ನೆಗೆಟಿವಿನಲ್ಲಿವೆಯಲ್ಲ, ಅವನು ಮಾಡಿದ ಹಾಗೇ ಮತ್ತೆ ಜೋಡಿಸಿದರಾಯಿತು ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ: ಜೋಡಿಸಬಹುದು, ಅದು ನನ್ನ ಸಿನಿಮಾ ಆಗುತ್ತದೆ. ಯಾವ ತುಂಡಿನ ಪಕ್ಕ ಯಾವುದು, ಆಳಿನ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಹಳದಿಯಿಂದ ಗುಲಾಬಿಗೆ ಎಲ್ಲಿ ಜಿಗಿಯಬೇಕು, ಅವೆಲ್ಲ ಅವನು ಎಣಿಸಿ ಮಾಡಿದ್ದು. ನಾನು ಗುರುತು ಹಾಕಿಕೊಂಡಿದ್ದು ಜೋಡಣೆಗಳ ಸ್ಥಿತಿಯನ್ನು. ಉದ್ದ ಅಳೆಯುವ ಕೆಲಸ ಮುಂದಿನ ಹಂತದ್ದು, ಅದಕ್ಕೆಂದೇ ಆ ರೀಲನ್ನು ಮುಟ್ಟಬೇಡಿ ಎಂದು ಕೇಳಿಕೊಂಡಿದ್ದು.

ಪ್ರದರ್ಶನ ವಾಷಿಂಗ್ಟನ್ನಿನಲ್ಲಿ, ಒಂದು ಮಧ್ಯಾಹ್ನ. ಆಕೆ ಚರ್ಚಿನ ವ್ಯಾನಿನಲ್ಲಿ ಊರಿನ ಕೆಲವರನ್ನು ಕರೆದುಕೊಂಡು, ನೀಲಿ ಹ್ಯಾಟು ಹಾಕಿಕೊಂಡು ಬಂದಿದ್ದರು. ಬರುವ ಮೊದಲೇ ಫೋನು ಮಾಡಿ ನಡೆದದ್ದನ್ನು ತಿಳಿಸಿದ್ದೆ. ವ್ಯಾನು ಗೊತ್ತು ಮಾಡಿಯಾಗಿದೆ, ಬರುತ್ತೇನೆ ಎಂದಿದ್ದರು. ನಾನು ಅವರ ಪಕ್ಕ ಕೂತೆ. ಪಿಯಾನೋ ನುಡಿಯುತ್ತಿತ್ತು. ಮೊದಲ ರೀಲಿನಲ್ಲಿ ಆಳು ಬಲದಿಂದ ಎಡಕ್ಕೆ, ಬಹಳ ಸ್ಪಷ್ಟವಾಗಿ, ವ್ಯಾಯಾಮಕ್ಕೆ ಓಡಿದ. ಕೊನೆಯ ರೀಲಿನಲ್ಲಿ ಮನೆಯ ಮಗಳು ಗೆದ್ದು ಟೋಪಿ ತೆಗೆದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವ್ಯಾನಿನಲ್ಲಿ ಬಂದಿದ್ದ ಮುದುಕರೊಬ್ಬರು ಸುತ್ತ ನೋಡಿ, ಇದು ಬೇರೆ ಸಿನಿಮಾ ಇರಬೇಕು ಎಂದರು.

“ಚೆನ್ನಾಗಿ ತೊಳೆದಿದ್ದೀರಿ,” ಎಂದರು ಆಕೆ.

ಕುರ್ಚಿಯ ಬೆನ್ನಿನ ಮೇಲಿದ್ದ ಅವರ ಕೋಟನ್ನು ಎತ್ತಿಕೊಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು:

“ಒಂದು ವಿಷಯ ಹೇಳು. ಬಿಚ್ಚುವ ಮೊದಲು ಯಾರಾದರೂ ಅದನ್ನು ಓಡಿಸಿ ನೋಡಿದರಾ? ನೀನು ನೋಡಿದೆಯಾ?”

“ಇಲ್ಲ. ನಾನು ಚೌಕ ಚೌಕವಾಗಿ ಮಾತ್ರ ನೋಡಿದ್ದು. ಓಡಿದ್ದನ್ನು ನೋಡಿಲ್ಲ.”

“ನಮ್ಮಪ್ಪ ಹೋದ ಮೇಲೆ ಹೊರಗಿನವರು ಒಬ್ಬರಾದರೂ ನೋಡಿದ್ದರೆ ಸಾಕಿತ್ತು,” ಎಂದು ಹೇಳಿ ಅವರು ಕೋಟು ಹಾಕಿಕೊಂಡರು. ವಿಚಾರಿಸಿ ತಿಳಿಸುತ್ತೇನೆ ಎಂದೆ.

ಸೋಮವಾರ ಮುಖ್ಯಸ್ಥರು ತಮ್ಮ ಮೇಜಿನಲ್ಲಿ ಯಾವುದೋ ಬೇರೆ ರೀಲು ಸುತ್ತುತ್ತಿದ್ದರು. ಅದನ್ನು ನೋಡುತ್ತ ನೆನಪಾಯಿತು: ನಾನು ಕ್ಯಾರೊಲೈನಾದಿಂದ ಬಂದ ದಿನ, ಮೂಲೆಯಲ್ಲಿರುವ ಕೈಯಿಂದ ತಿರುಗಿಸುವ ವ್ಯೂವರಿನ ಮುಸುಕು ತೆಗೆದಿತ್ತು. ಅದರ ಗಾಜಿನ ಮೇಲೆ ಕೊಳೆತ ನೈಟ್ರೇಟಿನ ಕಂದು ಪುಡಿ ಬಿದ್ದಿತ್ತು. ಆಗ ರೋಷದಲ್ಲಿ ಅದರ ಬಗ್ಗೆ ಯೋಚಿಸಿರಲಿಲ್ಲ. ಬಿಚ್ಚಿ ಜೋಡಿಸುವುದಕ್ಕೆ ವ್ಯೂವರ್ ಬೇಕಾಗಿಲ್ಲ. ಓಡುವುದನ್ನು ನೋಡಲಿಕ್ಕೆ ಮಾತ್ರ ಬೇಕು. ಹರಿದೀತು, ಓಡಿಸಬೇಡ ಎಂದು ನನಗೆ ಆಣೆ ಹಾಕಿದ್ದವರು ಅವರೇ.

ಅವರ ಮೇಜಿನ ಮುಂದೆ ಹೋಗಿ ನಿಂತೆ. ಅವರು ತಲೆ ಎತ್ತಲಿಲ್ಲ. ತಿರುಗಣೆ ತಿರುಗುತ್ತಲೇ ಇತ್ತು.

“ಅಂಕಲ್,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಅವನು ಗೆದ್ದದ್ದನ್ನ ನೀವು ನೋಡಿದ್ರಾ?”